ಬರೀ ಹೋಗುವ ಟಿಕೆಟ್ಟು

ತರೀಕೆರೆಯಿಂದ ಇಬ್ಬರು ಹೆಂಗಸರು ಅಜ್ಜಂಪುರಕ್ಕೆ ಬಂದಾಗ ಪಂಚಾಕ್ಷರಪ್ಪನವರು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. 1957ರ ಜನವರಿ ತಿಂಗಳು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಅವರು ಹುಟ್ಟೂರಿಗೆ ಬಂದು ನೆಲೆಸಿದ್ದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮಾಧ್ಯಮಿಕ ಶಾಲೆಯ ಮೇಷ್ಟ್ರು ನಾನು. ಸುತ್ತಮುತ್ತಲ ಊರುಗಳಲ್ಲಿ ಪೊಲೀಸರಿಗೆ ಬಗೆಹರಿಯದ್ದು ಏನಾದರೂ ನಡೆದರೆ ಜನ ಇವರನ್ನು ಹುಡುಕಿಕೊಂಡು ಬರುವುದೂ, ನಾನು ಅವರ ಜೊತೆ ಹೊರಡುವುದೂ ರೂಢಿಯಾಗಿಹೋಗಿತ್ತು.

"ನಮ್ಮೆಜಮಾನ್ರನ್ನ ಕೊಲೆ ಕೇಸಲ್ಲಿ ಹಿಡ್ಕೊಂಡು ಹೋಗವ್ರೆ, ಸ್ವಾಮಿ" ಎಂದು ಇಬ್ಬರಲ್ಲಿ ಕಿರಿಯಳಾದ, ತಿಮ್ಮರಾಯಪ್ಪನ ಹೆಂಡತಿ ಮಲ್ಲಿಕಾಂಬ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. "ಅವ್ರು ಒಂದು ಇರುವೆ ತುಳ್ದವರಲ್ಲ. ಷಣ್ಮುಖಪ್ಪೋರು ಅಂದ್ರೆ ಅವ್ರಿಗೆ ಪ್ರಾಣ ಕಣ್ರೀ."

ಷಣ್ಮುಖಪ್ಪನವರ ಸುದ್ದಿ ನಮಗೂ ಮುಟ್ಟಿತ್ತು. ಲಕ್ಕವಳ್ಳಿ ಅಣೆಕಟ್ಟೆಯ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದ ಮನುಷ್ಯ. ಮದುವೆಯಾಗಿರಲಿಲ್ಲ. ಜೀವಮಾನವಿಡೀ ನೀರಿನ ನಕ್ಷೆ ಬರೆದರೂ ಸಮುದ್ರ ನೋಡಿರಲಿಲ್ಲವೆಂದು, ಬೊಂಬಾಯಿಯಿಂದ ಕೊಲಂಬೋಗೆ ಹಡಗಿನಲ್ಲಿ ಹೊರಟಿದ್ದರು. ಬೊಂಬಾಯಿಯ ರೈಲು ಹಿಡಿಯಬೇಕಾಗಿದ್ದ ದಿನವೇ ಮನೆಯಲ್ಲಿ ವಾಂತಿ ಮಾಡಿಕೊಂಡು ಸತ್ತರು. ಶವಪರೀಕ್ಷೆ ಮಾಡಿದ ಡಾಕ್ಟರು ಕಣಗಿಲೆಯ ವಿಷವೆಂದರು.

"ಇವ್ರು ಷಣ್ಮುಖಪ್ಪೋರ ಅಕ್ಕ, ಕರಿಬಸಮ್ಮೋರು" ಎಂದು ಮಲ್ಲಿಕಾಂಬ ಜೊತೆಗಿದ್ದವರನ್ನು ತೋರಿಸಿದಳು. "ತರೀಕೆರೆ ಬಿಟ್ಟು ಹೊರಗೆ ಕಾಲಿಟ್ಟೋರೇ ಅಲ್ಲ. ನಾನು ಹೊರಟಿದ್ದು ನೋಡಿ, ನಾನೂ ಬತ್ತೀನಿ ಅಂತ ಬಂದ್ಬಿಟ್ರು."

ಕರಿಬಸಮ್ಮ ಕಂಬಕ್ಕೊರಗಿ ನಿಂತೇ ಇದ್ದರು. ಬಡಕಲು ಮೈ, ಬಣ್ಣಗೆಟ್ಟ ಸೀರೆ. ಪಂಚಾಕ್ಷರಪ್ಪನವರು ಕುಡಿಯಲು ನೀರು ಕೊಟ್ಟರೆ ಬೇಡವೆಂದರು. ಹೊರಡುವ ತನಕ ಅವರು ಆಡಿದ್ದು ಒಂದೇ ಮಾತು: "ತಿಮ್ಮರಾಯಪ್ಪ ಮಾಡಿಲ್ಲ. ಅವನ್ನ ಬಿಡಿಸ್ಕೊಡಿ."

ಮಾರನೆಯ ದಿನವೇ ತರೀಕೆರೆಗೆ ಹೋದೆವು. ಸಬ್‌ಇನ್‌ಸ್ಪೆಕ್ಟರ್ ಮುದ್ದಪ್ಪನಿಗೆ ಹಿಂದೆ ಕೆಲಸ ಕಲಿಸಿದವರೇ ಪಂಚಾಕ್ಷರಪ್ಪನವರು. ಆತ ಮುಚ್ಚುಮರೆ ಮಾಡಲಿಲ್ಲ.

"ಹಡಗಲ್ಲಿ ವಾಂತಿ ಬರುತ್ತೆ ಅಂತ ಯಾರೋ ಹೇಳಿದ್ರಂತೆ ಸಾರ್. ಅದಕ್ಕೆ ಅವರು ವಾರದಿಂದ ದಿನಾ ಬೆಳಿಗ್ಗೆ ಶುಂಠಿ ಕಷಾಯ ಕುಡೀತಿದ್ರು. ಹಿಂದಿನ ಸಂಜೆ ತಿಮ್ಮರಾಯಪ್ಪ ಕಡೂರಿಂದ ಹೊಸ ಪುಡಿ ತಂದುಕೊಟ್ಟಿದಾನೆ. ಆಮೇಲೆ ಇಬ್ಬರಿಗೂ ಜೋರು ಜಗಳ. ಬೆಳಿಗ್ಗೆ ಕಷಾಯ ಕುಡಿದ್ರು, ಮಧ್ಯಾಹ್ನಕ್ಕೆ ಪ್ರಾಣ ಹೋಯ್ತು. ಜಗಳ ಏನಕ್ಕೆ ಅಂದ್ರೆ ಆಸಾಮಿ ಬಾಯೇ ಬಿಡಲ್ಲ."

ಲಾಕಪ್ಪಿನಲ್ಲಿ ತಿಮ್ಮರಾಯಪ್ಪ ಗೋಡೆಗೊರಗಿ ಕೂತಿದ್ದ. ಷಣ್ಮುಖಪ್ಪನವರ ಓರಗೆಯವನು, ಮಂಡಿಯಲ್ಲಿ ಕೊಬ್ಬರಿ ವ್ಯಾಪಾರಿ.

"ಜಗಳ ಯಾಕಾಯ್ತು?" ಎಂದು ಪಂಚಾಕ್ಷರಪ್ಪನವರು ಕೇಳಿದರು.

"ಹಡಗಿನ ವಿಷ್ಯ. ಹೋಗಿ ಬರೋ ಟಿಕೆಟ್ ತಗೊಂಡ್ರೆ ಬರುವಾಗಲೂ ಜಾಗ ಖಾತ್ರಿ, ಅದೇ ಹಡಗಲ್ಲಿ ಸುತ್ತಿ ಬೊಂಬಾಯಿಗೆ ಬಂದಿಳೀಬಹುದು ಅಂದೆ. ಅವನು ಬರೀ ಹೋಗೋದಕ್ಕೆ ತಗೊಂಡಿದ್ದ. ಬದಲಾಯ್ಸು ಅಂದೆ, ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

ತಿಮ್ಮರಾಯಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾವು ಎದ್ದು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಅವನೇ ಕೇಳಿದ: "ಕರಿಬಸಕ್ಕ ಹೆಂಗಿದಾರೆ ಸ್ವಾಮಿ? ಊಟ ಮಾಡ್ತಿದಾರಾ?"

ಷಣ್ಮುಖಪ್ಪನವರ ಮನೆಯ ಹಿತ್ತಲಲ್ಲಿ ಕೆಲಸದ ಹುಚ್ಚಮ್ಮ ಪಾತ್ರೆ ತೊಳೆಯುತ್ತಿದ್ದಳು. ಬಾವಿಯ ಪಕ್ಕದಲ್ಲಿ ಪೂಜೆಗೆಂದು ಬೆಳೆಸಿದ ಕಣಗಿಲೆ ಗಿಡವಿತ್ತು. ಅದರ ಬುಡದ ಮಣ್ಣು ಒಂದು ಕಡೆ ಕೆದಕಿದಂತಿತ್ತು. ಪಂಚಾಕ್ಷರಪ್ಪನವರು ಅದನ್ನು ನೋಡಿಯೂ ನೋಡದವರಂತೆ ಕಲ್ಲಿನ ಮೇಲೆ ಕೂತು ಅವಳನ್ನು ಮಾತಿಗೆಳೆದರು.

"ಜಗಳ ನಿಂಗೂ ಕೇಳಿಸ್ತಾ?"

"ಬೀದಿಗೆಲ್ಲಾ ಕೇಳಿಸ್ತು ಬುದ್ಧಿ. ಯಜಮಾನ್ರು, 'ನಾನು ವಾಪಸ್ ಬರಲ್ಲ ಅಂದ್ರೆ ಬರಲ್ಲ ಕಣೋ' ಅಂತ ಕೂಗಿದ್ರು. ಅಮ್ಮೋರು ಅಡುಗೆಮನೇಲೇ ಇದ್ರು. ಕೈಲಿದ್ದ ಮೊರ ಕೆಳಗಿಟ್ಟು ಹಂಗೇ ಕೂತ್ಬಿಟ್ರು."

"ಪಾಪ, ಬೆಳಿಗ್ಗೆ ಬುತ್ತಿ ಕಟ್ಟೋ ಕೆಲಸ ಬೇರೆ ಇತ್ತಲ್ಲ ಅವ್ರಿಗೆ."

"ಇಲ್ಲ ಬುದ್ಧಿ, ಬುತ್ತಿ ಮಾಡಲಿಲ್ಲ. ರೊಟ್ಟಿ ಹಿಟ್ಟು ಕಲಸ್ಲಾ ಅಂದ್ರೆ ಬ್ಯಾಡ ಅಂದ್ರು. ಗಂಜಿಗೆ ಅಂತ ಅಕ್ಕಿ ನುಚ್ಚು ಒಡ್ಸಿದ್ರು. ಯಾರಿಗಪ್ಪಾ ಮೈ ಸರಿ ಇಲ್ಲ ಅನ್ಕೊಂಡೆ. ಯಜಮಾನ್ರು ಆಗಿನ್ನೂ ಸ್ನಾನಕ್ಕೆ ಹೋಗಿದ್ರು. ವಾಂತಿ ಶುರುವಾದಾಗ ಅಮ್ಮೋರು ಬಾಯಿ ಬಡ್ಕೊಂಡು, ಓಡು, ಡಾಕ್ಟ್ರನ್ನ ಕರ್ಕೊಂಬಾ ಅಂತ ನನ್ನ ದಬ್ಬಿದ್ರು. ನಾನು ಓಡ್ದೆ. ಡಾಕ್ಟ್ರು ಊರಲ್ಲಿ ಇರಲಿಲ್ಲ."

ಒಳಗೆ ಹೋಗಿ ಪಂಚಾಕ್ಷರಪ್ಪನವರು ಅಡುಗೆಮನೆಯ ಹೊಸಲಲ್ಲಿ ನಿಂತರು. ಉಪ್ಪಿನ ಜಾಡಿಯ ಪಕ್ಕದಲ್ಲಿ ಕಡೂರಿನ ಅಂಗಡಿಯ ಒಂದು ಪೊಟ್ಟಣವಿತ್ತು. ಸುತ್ತಿದ ದಾರ ಸಡಿಲವಾಗಿರಲಿಲ್ಲ, ಗಂಟು ಹಾಕಿದ ಹಾಗೆಯೇ ಇತ್ತು. ಮುದ್ದಪ್ಪ ಕಷಾಯದ ಪಾತ್ರೆಯನ್ನಷ್ಟೇ ಜಪ್ತಿ ಮಾಡಿಕೊಂಡು, ಪುಡಿಯೆಲ್ಲ ಅದರಲ್ಲೇ ಮುಗಿದಿದೆಯೆಂದು ಭಾವಿಸಿ ಹೋಗಿದ್ದ. ಕರಿಬಸಮ್ಮ ಒಲೆಯ ಮುಂದೆ ಕೂತು ನಮ್ಮನ್ನು ನೋಡುತ್ತಿದ್ದರು. ಪೊಟ್ಟಣವನ್ನು ಎತ್ತಿಕೊಂಡಾಗಲೂ ತಡೆಯಲಿಲ್ಲ.

ನಡುಮನೆಯಲ್ಲಿ ಸಿಕ್ಕವನು ಓಂಕಾರಮೂರ್ತಿ, ಷಣ್ಮುಖಪ್ಪನವರ ತೀರಿಹೋದ ತಮ್ಮನ ಮಗ. ಬಸ್ ಕಂಪನಿಯಲ್ಲಿ ಗುಮಾಸ್ತ. ದೊಡ್ಡಪ್ಪ ಸತ್ತರೆ ಮನೆ ಅವನಿಗೇ ಸೇರುತ್ತಿತ್ತು. ನನಗೆ ಅನುಮಾನವಿದ್ದದ್ದು ಅವನ ಮೇಲೆ.

"ಟಿಕೆಟ್ ಬೆಂಗಳೂರಿಂದ ತಂದ್ಕೊಟ್ಟೋನು ನಾನೇ" ಎಂದ ಅವನು. "ದೊಡ್ಡಪ್ಪ ಬರೀ ಹೋಗೋದಕ್ಕೆ ಮಾಡಿಸಿದ್ರು. ಅಲ್ಲೇ ಇರೋ ಯೋಚನೆ ಇರಬಹುದು ಅನ್ಕೊಂಡೆ."

"ಅತ್ತೆಗೆ ಹೇಳಿದ್ಯಾ?"

"ತಮಾಷೆಗೆ ಹೇಳ್ದೆ ಸಾರ್. 'ಅತ್ತೆ, ದೊಡ್ಡಪ್ಪ ವಾಪಸ್ ಬರೋ ಹಂಗೆ ಕಾಣಲ್ಲ, ಇನ್ನು ನೀವು ನನ್ನೇ ಸಾಕ್ಬೇಕು' ಅಂತ. ಅವ್ರು ನಗಲಿಲ್ಲ."

ಅಂದು ಅಜ್ಜಂಪುರಕ್ಕೆ ಹಿಂದಿರುಗುವಾಗ ಬೀರೂರು ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಬೇಕಿತ್ತು. ಪಂಚಾಕ್ಷರಪ್ಪನವರು ಟಿಕೆಟ್ ಗುಮಾಸ್ತನನ್ನು ಮಾತನಾಡಿಸಿದರು. ತಿಮ್ಮರಾಯಪ್ಪ ವ್ಯಾಪಾರಕ್ಕಾಗಿ ಓಡಾಡುವವನಾದ್ದರಿಂದ ಗುಮಾಸ್ತನಿಗೆ ಚೆನ್ನಾಗಿ ಪರಿಚಯವಿದ್ದ.

"ಈಚೆಗೆ ಒಂದ್ಸಲ ಮಧುರೆಗೆ ಹೋಗೋ ದಾರಿ ಕೇಳ್ಕೊಂಡು ಹೋದ್ರು. ಮುಂದಿನ ತಿಂಗಳಿಗೆ, ಮೂರು ಜನಕ್ಕೆ."

"ಮೂರು? ಅವರ ಮನೆಯಲ್ಲಿ ಇರೋರು ಗಂಡ ಹೆಂಡತಿ ಇಬ್ಬರೇ ಅಲ್ವಾ?"

"ನಾನೂ ಅದನ್ನೇ ಕೇಳ್ದೆ. ನಕ್ಕು ಹೊರಟುಹೋದ್ರು."

ಪಂಚಾಕ್ಷರಪ್ಪನವರು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತರು. ರೈಲು ಬರುವ ಹೊತ್ತಿಗೆ, "ಮೇಷ್ಟ್ರೇ, ಈ ಕೇಸು ಬಗೆಹರೀಬಾರದಿತ್ತು" ಎಂದರು.

ಆ ಭಾನುವಾರ ಷಣ್ಮುಖಪ್ಪನವರ ನಡುಮನೆಯಲ್ಲಿ ಎಲ್ಲರೂ ಸೇರಿದರು. ಮುದ್ದಪ್ಪ ತಿಮ್ಮರಾಯಪ್ಪನನ್ನು ಕರೆತಂದಿದ್ದ. ಮಲ್ಲಿಕಾಂಬ ಗಂಡನ ಪಕ್ಕಕ್ಕೆ ಸರಿದು ಕೂತಳು. ಓಂಕಾರಮೂರ್ತಿ ಕಿಟಕಿಯ ಹತ್ತಿರ, ಹುಚ್ಚಮ್ಮ ಹಿತ್ತಲ ಬಾಗಿಲಲ್ಲಿ. ಕರಿಬಸಮ್ಮ ತಮ್ಮನ ಖಾಲಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು.

"ಮೊದಲು ತಿಮ್ಮರಾಯಪ್ಪನ ವಿಷಯ" ಎಂದು ಪಂಚಾಕ್ಷರಪ್ಪನವರು ಆ ಪೊಟ್ಟಣವನ್ನು ಮುದ್ದಪ್ಪನ ಮುಂದಿಟ್ಟರು. "ಇವನು ತಂದ ಪುಡಿ ಇದು. ಅಂಗಡಿಯವನು ಹಾಕಿದ ಗಂಟು ಇನ್ನೂ ಬಿಚ್ಚಿಲ್ಲ. ಅವತ್ತಿನ ಕಷಾಯಕ್ಕೆ ಇದನ್ನ ಹಾಕಿಲ್ಲ. ವಿಷ ಹಿತ್ತಲಿನ ಗಿಡದ್ದು. ಅದರ ಬುಡ ಕೆದಕಿದವರು ಈ ಮನೆಯೊಳಗಿನವರು."

ಎಲ್ಲರ ಕಣ್ಣು ಓಂಕಾರಮೂರ್ತಿಯ ಕಡೆ ತಿರುಗಿತು. ಅವನ ಮುಖ ಬಿಳಿಚಿತು.

"ಇವನಿಗೆ ಮನೆಯ ಮೇಲೆ ಆಸೆ ಇತ್ತು, ನಿಜ. ಆದರೆ ದೊಡ್ಡಪ್ಪ ವಾಪಸ್ ಬರಲ್ಲ ಅಂತ ನಂಬಿದ್ದ. ತಾನಾಗಿ ಹೊರಟು ಹೋಗೋ ಮನುಷ್ಯನನ್ನ ರೈಲು ಹತ್ತಿಸಿ ಕೈ ಬೀಸಿದ್ರೆ ಸಾಕಲ್ಲ, ಕೊಲ್ಲೋದು ಯಾಕೆ? ಅವರು ಹೊರಡಬಾರದು ಅಂತ ಇದ್ದವರು ಬೇರೆ."

ಅವರ ದನಿ ತಗ್ಗಿತು. "ದೂರದ ಪ್ರಯಾಣಕ್ಕೆ ಹೊರಟವರಿಗೆ ಈ ಮನೆಯಲ್ಲಿ ಬುತ್ತಿ ಕಟ್ಟಿರಲಿಲ್ಲ. ಅದರ ಬದಲು, ಅವರು ಇನ್ನೂ ಚೆನ್ನಾಗಿ ಓಡಾಡಿಕೊಂಡು ಇರುವಾಗಲೇ ಕಾಯಿಲೆಯವರಿಗೆ ಅಂತ ಗಂಜಿಯ ನುಚ್ಚು ಸಿದ್ಧವಾಗಿತ್ತು. ಮಾಡಿದವರಿಗೆ ಸಾಯಿಸೋ ಉದ್ದೇಶ ಇರಲಿಲ್ಲ. ನಾಲ್ಕು ದಿನ ಮಲಗಲಿ, ಹಡಗು ತಪ್ಪಲಿ, ಆಮೇಲೆ ಗಂಜಿ ಕುಡಿಸಿ ಎಬ್ಬಿಸೋಣ ಅಂತ ಇತ್ತು. ಬೇರಿನ ವಿಷ ಎಷ್ಟು ಅನ್ನೋದು ಅವರಿಗೆ ಗೊತ್ತಾಗಲಿಲ್ಲ."

"ಹೌದು" ಎಂದರು ಕರಿಬಸಮ್ಮ.

ಹುಚ್ಚಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ನಂಗೆ ಹತ್ತೊಂಬತ್ತು ವರ್ಷ ಆದಾಗ" ಎಂದರು ಕರಿಬಸಮ್ಮ, ಯಾರ ಮುಖವನ್ನೂ ನೋಡದೆ. "ನಮ್ಮೆಜಮಾನ್ರು ಹಬ್ಬಕ್ಕೆ ಬತ್ತೀನಿ ಅಂತ ರೈಲು ಹತ್ತಿದ್ರು. ಎಲ್ಲಿದಾರೆ ಅನ್ನೋ ಸುದ್ದಿನೂ ಬರಲಿಲ್ಲ. ಬಂದಾಗ ಬಾಗಿಲು ಹಾಕಿರಬಾರದು ಅಂತ ನಾನು ಈ ಊರು ಬಿಟ್ಟು ಎಲ್ಲೂ ಹೋಗಲಿಲ್ಲ. ತಮ್ಮ ಒಬ್ಬ ಉಳಿದಿದ್ದ. ಅವನೂ ಬರಲ್ಲ ಅಂತ ಕೂಗಿದ್ದು ನನ್ನ ಕಿವಿಗೆ ಬಿತ್ತು. ಇನ್ನೊಂದ್ಸಲ ಕಾಯೋ ಶಕ್ತಿ ನಂಗಿರಲಿಲ್ಲ."

"ನೀವು ನನ್ನ ಹತ್ರ ಬಂದಿದ್ದು ನಾನು ನಿಮ್ಮನ್ನ ಕಂಡುಹಿಡೀಲಿ ಅಂತ ಅಲ್ವಾ, ತಾಯಿ?" ಎಂದು ಪಂಚಾಕ್ಷರಪ್ಪನವರು ಕೇಳಿದರು. "ಪೊಟ್ಟಣ ಬಚ್ಚಿಡಲಿಲ್ಲ. ನುಚ್ಚಿನ ವಿಷಯ ಹೇಳಬೇಡ ಅಂತ ಹುಚ್ಚಮ್ಮನಿಗೂ ಹೇಳಲಿಲ್ಲ."

"ಬಾಯಿಬಿಟ್ಟು ಹೇಳೋಕಾಗಲಿಲ್ಲ. ತಿಮ್ಮರಾಯಪ್ಪ ಒಳಗೆ ಇರೋದನ್ನ ನೋಡೋಕೂ ಆಗಲಿಲ್ಲ."

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಮುದ್ದಪ್ಪ ನೆಟ್ಟಗೆ ಕೂತು ಕೇಳಿದ: "ಸಾರ್, ತಿಮ್ಮರಾಯಪ್ಪ ಯಾಕೆ ಬಾಯಿ ಬಿಡಲಿಲ್ಲ? ಇವನೂ ಇದರಲ್ಲಿ ಸೇರಿಕೊಂಡಿದ್ನಾ? ಅದು ತಿಳೀದೆ ನಾನು ಇವನ್ನ ಬಿಡೋ ಹಾಗಿಲ್ಲ."

ತಿಮ್ಮರಾಯಪ್ಪ ಕೈ ಮುಗಿದ. "ಬುದ್ಧಿ, ಇಷ್ಟಕ್ಕೇ ಸಾಕು ಮಾಡಿ. ನನ್ನ ಒಳಗೇ ಹಾಕ್ಲಿ. ನಿಮ್ಮ ಕಾಲಿಗೆ ಬೀಳ್ತೀನಿ."

ಪಂಚಾಕ್ಷರಪ್ಪನವರು ತಲೆ ತಗ್ಗಿಸಿದರು. ಕೊನೆಗೆ ಕರಿಬಸಮ್ಮನೇ, "ಏನದು? ಹೇಳಿ" ಎಂದರು. "ನಂಗೆ ಇನ್ನೇನಾಗ್ಬೇಕು?"

"ಷಣ್ಮುಖಪ್ಪನವರು ವಾಪಸ್ ಬರೋರಿದ್ದರು ತಾಯಿ. ಹಡಗಲ್ಲಿ ಅಲ್ಲ. ಅವರು ತಿಮ್ಮರಾಯಪ್ಪನಿಗೆ ಕೂಗಿ ಹೇಳಿದ್ದು, ಹಡಗಲ್ಲಿ ವಾಪಸ್ ಬರಲ್ಲ ಅಂತ. ಕೊಲಂಬೋದಿಂದ ರೈಲು, ನಡುವೆ ಸಣ್ಣ ಸ್ಟೀಮರು, ಮತ್ತೆ ಧನುಷ್ಕೋಟಿಯಿಂದ ರೈಲು. ಆ ದಾರೀಲಿ ಬಂದ್ರೆ ಮಧುರೆ ಸಿಗುತ್ತೆ. ಹೋಗಿ ಬರೋ ಟಿಕೆಟ್ ತಗೊಂಡಿದ್ರೆ ಬೊಂಬಾಯಿಗೇ ಬಂದಿಳೀಬೇಕಿತ್ತು. ತಿಮ್ಮರಾಯಪ್ಪ ಬೀರೂರಲ್ಲಿ ಮಧುರೆಗೆ ಮೂರು ಜನಕ್ಕೆ ವಿಚಾರಿಸಿದ್ದ. ಅವನು, ಅವನ ಹೆಂಡತಿ. ಮೂರನೆಯವರು ಯಾರು ಅಂತ ಅವನೇ ಹೇಳಲಿ."

ತಿಮ್ಮರಾಯಪ್ಪ ಕರಿಬಸಮ್ಮನ ಕಡೆ ತಿರುಗಿದ. "ನಿನ್ನನ್ನ ಕರ್ಕೊಂಡು ಬಾ ಅಂದಿದ್ದ ಅಕ್ಕಾ. ನಾನು, ಮೊದಲೇ ಅವಳಿಗೆ ಹೇಳೋ, ಇಲ್ಲಾಂದ್ರೆ ಟಿಕೆಟ್ ಬದಲಾಯ್ಸಿ ಬೊಂಬಾಯಿಗೇ ಬಾ, ಅಂದೆ. ಅದಕ್ಕೇ ಜಗಳ. 'ಸುಮ್ನೆ ಕರೆದ್ರೆ ಅಕ್ಕ ಮನೆ ಬಿಟ್ಟು ಬರಲ್ಲ. ತಮ್ಮ ಬರ್ತಿದಾನೆ, ಎದುರುಗೊಂಡು ಕರ್ಕೊಂಬರೋಣ ಅಂದ್ರೆ ಬತ್ತಾಳೆ. ಒಂದ್ಸಲನಾದ್ರೂ ಅವಳು ಹೊರಗೆ ಬರಬೇಕು. ನಾನಂತೂ ಹಡಗಲ್ಲಿ ವಾಪಸ್ ಬರಲ್ಲ' ಅಂದ. ಅವನು ಸತ್ತ ದಿನ ನಿನ್ನ ಮುಖ ನೋಡಿದಾಗಲೇ ನಂಗೆ ಗೊತ್ತಾಯ್ತು. ಗೊತ್ತಾಗಿ, ಅವನು ಬರೋನಿದ್ದ ಅಂತ ನಿಂಗೆ ಹೆಂಗೆ ಹೇಳಲಿ?"

ಕರಿಬಸಮ್ಮ ಮಂಚದ ಕಾಲನ್ನು ಸವರುತ್ತ ಕೂತಿದ್ದರು.

"ಹೋಗ್ತಿದ್ದೆ" ಎಂದರು ಕೊನೆಗೆ. "ಬಾ ಅಂದಿದ್ರೆ ಹೋಗ್ತಿರಲಿಲ್ಲ. ಕರ್ಕೊಂಬರೋಕೆ ಅಂದಿದ್ರೆ ಹೋಗ್ತಿದ್ದೆ. ಸರಿಯಾಗೇ ತಿಳ್ಕೊಂಡಿದ್ದ." ಆಮೇಲೆ ಮುದ್ದಪ್ಪನ ಕಡೆ ತಿರುಗಿ, "ನಡೀರಿ" ಎಂದು ಎದ್ದರು. ಏಳುವಾಗ ಮಲ್ಲಿಕಾಂಬ ಕೈ ಕೊಡಲು ಹೋದರೆ ಬೇಡವೆಂದರು.

ಅವರು ವಿಚಾರಣೆಯ ತನಕ ಉಳಿಯಲಿಲ್ಲ. ಅನ್ನ ಬಿಟ್ಟಿದ್ದರು. ಗದರಿಸಿದರೂ ಬೇಡಿಕೊಂಡರೂ ಬಾಯಿ ತೆರೆಯಲಿಲ್ಲವಂತೆ. ಶಿವಮೊಗ್ಗೆಯ ಆಸ್ಪತ್ರೆಗೆ ಸಾಗಿಸಿದ ಮೇಲೆ ಶಿವರಾತ್ರಿಯ ಹಿಂದುಮುಂದು ತೀರಿಕೊಂಡರು. ಓಂಕಾರಮೂರ್ತಿ ಶವ ತರಲು ಬರಲಿಲ್ಲ. ತಿಮ್ಮರಾಯಪ್ಪನೇ ಗಾಡಿ ಮಾಡಿಕೊಂಡು ತಂದ.

ಮಣ್ಣು ಮಾಡುವಾಗ ನಾವೂ ಹೋಗಿದ್ದೆವು. ಗುಣಿಯ ಸುತ್ತ ಹತ್ತು ಜನವೂ ಇರಲಿಲ್ಲ. ಅಯ್ಯನವರು ಮಂತ್ರ ಹೇಳಿ ವಿಭೂತಿ ಇಟ್ಟ ಮೇಲೆ ಒಬ್ಬೊಬ್ಬರಾಗಿ ಬಿಲ್ವಪತ್ರೆ ಹಾಕತೊಡಗಿದರು. ಪಂಚಾಕ್ಷರಪ್ಪನವರು ಮುಂದೆ ಬಂದಾಗ ತಿಮ್ಮರಾಯಪ್ಪ ಅಡ್ಡ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಮ್ಮಿಂದ ನನ್ನ ಜೀವ ಉಳೀತು ಸ್ವಾಮಿ" ಎಂದ. "ಆದ್ರೆ ಅವತ್ತು ಸಾಕು ಮಾಡಿ ಅಂತ ಬೇಡ್ಕೊಂಡೆ, ನೀವು ಕೇಳಲಿಲ್ಲ. ನೀವು ಇದನ್ನ ಹಾಕ್ಬೇಡಿ."

ಪಂಚಾಕ್ಷರಪ್ಪನವರು ಪತ್ರೆಯನ್ನು ನನ್ನ ಕೈಗೆ ಕೊಟ್ಟು, ರಸ್ತೆಯ ಕಡೆ ನಡೆದರು.