ಬರಿ ಕೇಳಿದವನು

"ಸರಿ ಉತ್ತರ ಬರೆದು, ಅದನ್ನೇ ಹೊಡೆದು ಹಾಕಿದ್ದೀರಲ್ಲ! ನಿಮ್ಮ ಮೇಲೆ ನಿಮಗೇ ಯಾಕಿಷ್ಟು ಸಂಶಯ?"

ರಿತೇಶ್ ರಮಿತಾಳಿಗೆ ಹೇಳಿದ ಮೊದಲ ಮಾತೇ ಅದು. ಡೊಂಬಿವಲಿಯ ಕನ್ನಡ ಸಂಘದ ಮಹಡಿಯಲ್ಲಿ, ಎಲ್ಲರೆದುರು. ಅವಳ ಕಿವಿ ಬಿಸಿಯಾಯಿತು. ಸಿಟ್ಟು ಬಂತು... ಅವನ ಕಣ್ಣು ನೋಡಿದ ಮೇಲೆ ಆ ಸಿಟ್ಟು ನಿಲ್ಲಲೂ ಇಲ್ಲ!

ಇಬ್ಬರೂ ನರ್ಸ್‌ಗಳೇ. ಕೊಲ್ಲಿ ದೇಶದ ಕೆಲಸಕ್ಕೆ ಬೇಕಾದ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ರಿತೇಶ್ ದುಬೈ ವೀಸಾ ಕಾಯುತ್ತಿದ್ದ. ಅಲ್ಲಿಯವರೆಗೆ ಉಳಿದವರಿಗೆ ಪಾಠ. ರಮಿತಾ ಒಮ್ಮೆ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಅವನು ಅಲ್ಲಿ, ತಾನು ಕಲ್ಯಾಣದ ನರ್ಸಿಂಗ್ ಹೋಮಿನಲ್ಲಿ... ಆ ಯೋಚನೆ ಬಂದಾಗೆಲ್ಲ ಓದಿದ್ದೂ ಮರೆಯುತ್ತಿತ್ತು.

ಜೊತೆಗೆ ಕಲಿಯುವ ಗೆಳತಿ ತೃಪ್ತಿಗೆ ಅಂಥ ಕಷ್ಟವಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ.

"ವಾಹ್ ತೃಪ್ತಿ! ಏಕ್ ನಂಬರ್!" ಎನ್ನುವನು ರಿತೇಶ್. ರಮಿತಾಳಿಗೆ ಮಾತ್ರ, "ನಿಧಾನ... ನಿಮಗೆ ಗೊತ್ತುಂಟು."

ಅವಳಿಗೆ ವಾಹ್, ನನಗೆ ನಿಧಾನ! ಹಸಿ ಸೌದೆಯಿಟ್ಟ ಹಂಡೆಯೊಲೆಯಂತೆ ರಮಿತಾಳ ಎದೆ ಉರಿಯದೆ, ಆರದೆ, ಹೊಗೆಯಾಡುತ್ತಿತ್ತು.

ಪರೀಕ್ಷೆಯ ವಾರ. ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ, ಮುಂದೆ ಹೋಗುತ್ತಿದ್ದ ರಿತೇಶ್ ತೃಪ್ತಿಯತ್ತ ಬಾಗಿ ಕೇಳಿದ್ದರ ಕೊನೆ ಹಿಂದಿದ್ದ ರಮಿತಾಳ ಕಿವಿಗೆ ಬಿತ್ತು.

"...ಬರಿ ಯಾವುದು?"

ರಮಿತಾ ಅಲ್ಲೇ ನಿಂತಳು. ಅವರಂಥ ತುಳುವರಲ್ಲಿ ಬರಿಯೆಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಹುಡುಗನೊಬ್ಬ ಬರಿ ವಿಚಾರಿಸಿದನೆಂದರೆ... ಇನ್ನು ಹೇಳಲು ಏನು ಉಳಿಯಿತು!

ಹೋಗಲಿ, ಇಬ್ಬರೂ ದುಬೈಯಲ್ಲಿ ಸುಖವಾಗಿರಲಿ... ಸುಖವಾಗಿ ಯಾಕಿರಬೇಕು?

ಮರುದಿನ ತೃಪ್ತಿಗೆ ಡ್ಯೂಟಿ. ರಮಿತಾ ಪಾಠಕ್ಕೆ ಒಬ್ಬಳೇ ಬಂದು ಕುರ್ಚಿಯನ್ನು ಸದ್ದಾಗುವಂತೆ ಎಳೆದು ಕೂತಳು.

"ಪ್ರಶ್ನೆ ಕೇಳಿ."

"ರಕ್ತ ಏರಿಸುವಾಗ ರೋಗಿಗೆ ಚಳಿ ಹಿಡೀತು. ಮೊದಲು ಎಂತ ಮಾಡ್ತೀರಿ?"

"ರಕ್ತ ನಿಲ್ಲಿಸ್ತೇನೆ."

"ಫಿಟ್ಸ್ ಬಂದವನನ್ನು?"

"ಪಕ್ಕಕ್ಕೆ ಮಲಗಿಸ್ತೇನೆ. ಅದುಮಿ ಹಿಡಿಯುದಿಲ್ಲ. ಮುಂದೆ?"

ಕೇಳಿದ್ದಕ್ಕೆಲ್ಲ ಹೀಗೇ. ಕೊನೆಗೆ ರಿತೇಶ್ ಪುಸ್ತಕ ಮಡಚಿದ.

"ಒಂದೂ ತಪ್ಪಿಲ್ಲ. ಒಂದನ್ನೂ ಬದಲಾಯಿಸ್ಲಿಲ್ಲ! ಎಂತ ಆಯ್ತು ಇವತ್ತು?"

"ಸಂಶಯಪಡ್ಲಿಕ್ಕೆ ಪುರುಸೊತ್ತಿಲ್ಲ, ಸಿಟ್ಟು ಬಂದಿದೆ. ತೃಪ್ತಿಯ ಬರಿ ಹೊಂದಿತಾ?"

ಅವನು ಒಂದು ಗಳಿಗೆ ಮಿಕಮಿಕ ನೋಡಿದ. ಆಮೇಲೆ ನಕ್ಕ.

"ಅವಳದ್ದಲ್ಲ ಮಾರಾಯ್ತಿ, ನಿಮ್ಮದು ಕೇಳಿದ್ದು! 'ಅವಳನ್ನೇ ಕೇಳಿ, ನನ್ನ ಮಂಡೆ ತಿನ್ಬೇಡಿ' ಅಂದ್ಲು. ಪರೀಕ್ಷೆಗೆ ಮೊದಲು ಕೇಳಿ ನಿಮ್ಮ ಮನಸ್ಸು ಕೆಡಿಸುದು ಬೇಡಾಂತ..."

"ಕೆಡಿಸಿ ಆಯ್ತಲ್ಲ!"

ರಿತೇಶ್ ಮಡಚಿದ ಪುಸ್ತಕವನ್ನು ಬಿಡಿಸಿ, ಮತ್ತೆ ಮಡಚಿದ.

"ನಿಮ್ಮದು ಯಾವುದು?" ರಮಿತಾಳೇ ಮೆಲ್ಲಗೆ ಕೇಳಿದಳು.

"ಬಂಗೇರ." ಅವನ ಮುಖ ಸಣ್ಣದಾಯಿತು. "ನಿಮ್ಮದೂ ಅದೇ ಅಲ್ವಲ್ಲ?"

ಅವಳು ಬೇಕೆಂದೇ ತಡ ಮಾಡಿದಳು. ಒದ್ದಾಡಲಿ ಸ್ವಲ್ಪ!

"ಕುಂದರ್."

"ದೇವರೇ!" ಅವನು ಉಸಿರು ಬಿಟ್ಟ. "ಪರೀಕ್ಷೆ ನನಗಾ, ನಿಮಗಾ?"

"ನನಗೇ. ಪಾಸೂ ಆಗ್ತೇನೆ." ರಮಿತಾ ಕಣ್ಣೊರೆಸಿಕೊಂಡಳು. "ನೀವು ದುಬೈಗೆ ಹೋಗಿ ಮನೆ ಹುಡುಕಿ."

"ತೃಪ್ತಿಗೂ ಹತ್ರದಲ್ಲೇ ಒಂದು ರೂಮು ನೋಡ್ಲಾ?"

"ಅವಳು ಅಬುಧಾಬಿಗೆ ಹೋಗ್ಲಿ!"