ಸಂಗಾತಿ ಮಿಠಾಯಿ

ಇವತ್ತೂ ಇದು ನನಗೆ ತಾಗುತ್ತಿಲ್ಲ ಎಂದು ಸುಗಂಧಿ ಹರಿಕಂತ್ರ ಮನಸ್ಸಿನಲ್ಲೇ ಒಪ್ಪಿಕೊಂಡಳು. ನಾಲಿಗೆಯ ಮೇಲೆ ಮಿಠಾಯಿ ತನ್ನ ಕೆಲಸ ಮಾಡುತ್ತಲೇ ಇತ್ತು. ಮನಸ್ಸು ಕುಗ್ಗಿದಾಗ ಎಂಜಲಿನಲ್ಲಿ ಏರುವ ರಸವೊಂದನ್ನು ಗುರುತಿಸಿ, ತಕ್ಕಷ್ಟು ಬೆಚ್ಚಗಾಗಿ, ನಾಲ್ಕು ಜನರ ನಡುವೆ ಕೂತು ಉಂಡಂಥ ಪರಿಮಳ ಬಿಡುವ ಮಿಠಾಯಿ ಅದು. ಅವಳಿಗೆ ಹಲಸಿನೆಲೆಯಲ್ಲಿ ಬೆಂದ ಕಡುಬಿನ ವಾಸನೆ ಬಂತು. ವಾಸನೆ ಸರಿಯಾಗಿಯೇ ಇತ್ತು. ಎದುರಿಗೆ ಯಾರೂ ಇರಲಿಲ್ಲ, ಅಷ್ಟೆ.

ಅವಳು ರುಚಿ ನೋಡುವ ಕೆಲಸಕ್ಕಿದ್ದ ಕಾರವಾರದ ಈ ಕಂಪನಿ ಮೂವತ್ತು ವರ್ಷಗಳ ಹಿಂದೆ, 2030ರ ಸುಮಾರಿಗೆ, ಮೀನು ಒಣಗಿಸುವ ಶೆಡ್ಡೊಂದರಲ್ಲಿ ಹುಟ್ಟಿತ್ತು. ಕಡಲ ಪಾಚಿ ಕುದಿಸಿದರೆ ಬರುವ ಅಂಟಿಗೆ ಮುರುಗಲು ಹಣ್ಣಿನ ಹುಳಿ ರಸ ಬೆರೆಸಿ, ಅಚ್ಚಿಗೆ ಹೊಯ್ದು, ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದರು. ಮಕ್ಕಳು 'ಮೀನು ಜೆಲ್ಲಿ' ಎಂದು ನಗುತ್ತಲೇ ಕೊಂಡರು. ಮುಂದೆ ಅದೇ ಅಂಟಿನೊಳಗೆ ವಿಟಮಿನ್ ಬಂತು, ಮಕ್ಕಳ ಜ್ವರದ ಔಷಧಿ ಬಂತು. ವಿಜ್ಞಾನಿ ಲಲನಾ ಪೆಡ್ನೇಕರ್ ಸೇರಿದ ಮೇಲೆ 'ಸಂಗಾತಿ' ಬಂತು, ಒಂಟಿತನದ ಮಿಠಾಯಿ. ಇನ್ನು ಅದು ಊರೂರಿನ ಮಕ್ಕಳ ಹಾಸ್ಟೆಲುಗಳಿಗೆ ಹೊರಡಲಿದೆ. ಅದು ಹೋದಲ್ಲಿ ವಾರ್ಡನ್ ಬೇಕಾಗುವುದಿಲ್ಲವಂತೆ.

ರುಚಿ ನೋಡುವವರಿಗೆ ಇಲ್ಲೊಂದು ಕಟ್ಟಳೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಾಗಬಾರದೆಂದು ಪ್ರತಿಯೊಬ್ಬರೂ ಬೇರೆ ಬೇರೆ ಗೂಡಿನಲ್ಲಿ ಮಾತಿಲ್ಲದೆ ಕೂರಬೇಕು. ಹಲ್ಲಿಗೆ ಅಂಟಿಸಿದ, ಎಂಜಲಿನ ರಸ ಅಳೆಯುವ ಪುಟ್ಟ ಚುಕ್ಕೆ ಅವರ ದುಗುಡವನ್ನು ಪರದೆಯ ಮೇಲೆ ಗೆರೆಯಾಗಿ ಬರೆಯುತ್ತದೆ. ಮೊದಲೆಲ್ಲ ಗೂಡಿನ ಕಿಂಡಿ ಸರಿಸಿ ತಟ್ಟೆ ಕೊಡುತ್ತಿದ್ದವರು ಪೆಡ್ನೇಕರ್. "ಎಂತ ಸುಗಂಧಿ, ತಿಂಡಿ ಆಯ್ತನೇ?" ಎಂದು ಕೇಳಿಯೇ ಕೊಡುತ್ತಿದ್ದರು. ಆಗ ಅವಳ ಗೆರೆ ಸರಸರ ಇಳಿಯುತ್ತಿತ್ತು. ಮಿಠಾಯಿ ಗೆದ್ದಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಈಗ ಕೆಲವು ವಾರಗಳಿಂದ ತಟ್ಟೆ ಚಾಚುವುದು ಯಂತ್ರದ ಕೈ. ಗೆರೆ ಇಳಿದಿಲ್ಲ.

ಪೆಡ್ನೇಕರ್ ಎಲ್ಲರನ್ನೂ ಹೊರಗೆ ಕರೆದರು. "ಪಾಚಿದೇ ದೋಷ ಕಾಣ್ತದೆ. ಪರಿಮಳ ಇನ್ನೂ ಜಾಸ್ತಿ ಮಾಡ್ವ?"

"ಮಾಡಿ ಮೇಡಂ. ನನ್ನ ಹೆಂಡ್ತಿ ಅಡುಗೆ ಮಾಡೂದೇ ಬಿಡ್ತಾಳೆ," ಎಂದ ಪಕ್ಕದ ಗೂಡಿನ ಇನಾಸ.

"ಈಗೇನು ಮಾಡ್ತಾಳೆ ಅಂತ ಗೊತ್ತಿದ್ಯ ನಿಂಗೆ? ಅಡುಗೆ ಮನೆ ಕಂಡಿದ್ಯನಾ?" ಎಂದರು ಪೆಡ್ನೇಕರ್. ನಗುವಿನ ನಡುವೆ ಇತ್ತ ತಿರುಗಿದರು. "ನೀ ಹೇಳೇ ಸುಗಂಧಿ. ಎಲ್ಲರಿಗಿಂತ ಚಂದ ಇಳೀತಿದ್ದದ್ದು ನಿನ್ನ ಗೆರೆ. ಎಂತ ಕಮ್ಮಿ ಆಯ್ತು?"

ಅವಳಿಗೆ ಗೊತ್ತಿತ್ತು. ಹೇಳಿದರೆ ಬಾಡಿಗೆ ಕೋಣೆಯ ಅವಳ ಸಂಜೆಗಳೆಲ್ಲ ಇಷ್ಟು ಜನರೆದುರು ಬಿಚ್ಚಿಕೊಳ್ಳುತ್ತವೆ. ಹೇಳದಿದ್ದರೆ ಎಲ್ಲೋ ಹಾಸ್ಟೆಲಿನ ಮಗುವೊಂದು ಬಾಯಲ್ಲಿ ಸಿಹಿ ಇಟ್ಟುಕೊಂಡು ಬಾಗಿಲು ನೋಡುತ್ತ ಕೂತಿರುತ್ತದೆ.

"ಸಿಹಿ ಸ್ವಲ್ಪ..." ಎಂದು ಶುರುಮಾಡಿದಳು. ನಿಲ್ಲಿಸಿದಳು. ಇನಾಸನೂ ನಗು ನಿಲ್ಲಿಸಿ ಅವಳತ್ತ ನೋಡಿದ.

"ಮೇಡಂ, ಇಡೀ ದಿನದಲ್ಲಿ ನನ್ನ ಮಾತಾಡಿಸ್ತಿದ್ದವ್ರು ನೀವೊಬ್ರೇ."