ಫೀಟೆ ಊಟ ಬಿಟ್ಟ ದಿನಗಳು

ಹ್ಯಾಂಬರ್ಗ್‌ನ ರೈಲು ನಿಲ್ದಾಣದ ಹಿಂಬದಿಗೆ ಪ್ರತಿ ಗುರುವಾರ ಬಂದು ನಿಂತು ಸೂರಿಲ್ಲದವರ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಬಸ್ಸಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ನಾಯಿಯನ್ನೋ ಬೆಕ್ಕನ್ನೋ ಎತ್ತಿಕೊಂಡು ಬಂದವರನ್ನು "ರಾತ್ರಿ ಎಲ್ಲಿ ಮಲಗ್ತೀರಿ?" ಎಂದು ಕೇಳಕೂಡದು. ಬೀದಿಯಲ್ಲಿ ಬದುಕುವವರಿಗೆ ಕಂಡಕಂಡವರಿಗೆಲ್ಲ ಉತ್ತರ ಹೇಳಿ ಸಾಕಾಗಿರುತ್ತದೆ, ಇಲ್ಲಿಯಾದರೂ ಪ್ರಾಣಿಯ ಮಾತಷ್ಟೇ ಆಡೋಣ ಎಂದು ಆ ನಿಯಮ ಮಾಡಿದವಳು ಡಾಕ್ಟರ್ ವೀಬ್ಕೆ. ಅದರಿಂದ ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವಳೂ ಅವಳೇ. ಹುಟ್ಟು ಕುತೂಹಲದ ಹೆಣ್ಣು; ಬಾಯಿ ಕಟ್ಟಿಕೊಂಡಿರುವುದು ಅವಳಿಗೆ ಸುಲಭವಲ್ಲ.

ಮಾಲ್ಟೆ ಎಂಬಾತ ಬಸ್ಸಿನ ಮೆಟ್ಟಿಲು ಹತ್ತಿದ ದಿನದಿಂದ ಈ ಒದ್ದಾಟ ಇಮ್ಮಡಿಯಾಯಿತು.

ಮೊಣಕೈ ಹರಿದ ಜಾಕೆಟ್ಟು, ಬಾಚಣಿಗೆ ಕಾಣದ ಗಡ್ಡ, ಜೊತೆಗೆ ಫೀಟೆ ಎಂಬ ಬೂದು ಬಣ್ಣದ ಮುದಿ ನಾಯಿ. ನಾಯಿ ಊಟ ಬಿಟ್ಟಿತ್ತು. ಜ್ವರವಿಲ್ಲ, ಹಲ್ಲುನೋವಿಲ್ಲ, ಹೊಟ್ಟೆಯಲ್ಲಿ ಗಡ್ಡೆಯಿಲ್ಲ. ಬಟ್ಟಲಿಗೆ ಏನು ಹಾಕಿದರೂ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

"ಇವನಿಗೆ ಏನಾದ್ರೂ ಬೇಜಾರಾಗಿದೆಯಾ?" ವೀಬ್ಕೆ ಕೇಳಿದಳು.

"ಆಗಿರ್ಬೇಕು. ನನ್ ಜೊತೆ ಇದ್ರೆ ಯಾರಿಗಾದ್ರೂ ಆಗುತ್ತೆ."

ಅವಳು ನಗು ತಡೆದುಕೊಂಡು ಸ್ಟೆತಸ್ಕೋಪಿಗಾಗಿ ಡ್ರಾಯರುಗಳನ್ನೆಲ್ಲ ತಡಕಾಡಿದಳು. ಅವನು ಸದ್ದಿಲ್ಲದೆ ತನ್ನ ಕೊರಳನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಸ್ಟೆತಸ್ಕೋಪು ಅವಳ ಕೊರಳಲ್ಲೇ ನೇತಾಡುತ್ತಿತ್ತು. ಮೈಯ ರಕ್ತವೆಲ್ಲ ಕೆನ್ನೆಗೆ ಏರಿದಂತಾಯಿತು ಅವಳಿಗೆ.

ಹೊರಡುವಾಗ ಎಲ್ಲರಿಗೂ ಕೊಡುವಂತೆ ಬಿಸಿ ಸೂಪು ಕೊಟ್ಟಳು, ಉಣ್ಣೆಯ ಕಾಲುಚೀಲ ಕೊಟ್ಟಳು. ಅವನು ಕಾಲುಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೆಂಗಸರ ಅಳತೆದು ಸಿಗುತ್ತಾ?"

ಸಿಕ್ಕಿತು. ಕೊಟ್ಟಳು. ಯಾರಿಗೆ ಎಂದು ಕೇಳುವಂತಿಲ್ಲವಲ್ಲ, ಆ ನಿಯಮಕ್ಕಿಷ್ಟು ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದಳು. ಅವನಿಗೊಬ್ಬ ಹೆಂಗಸಿದ್ದಾಳೆ. ಇದ್ದರೆ ತನಗೇನು? ಸೂರಿಲ್ಲದ ಮನುಷ್ಯ ಸಹಾಯಕ್ಕೆಂದು ಬರುತ್ತಾನೆ; ಅವನ ಕಣ್ಣು ಬೂದುಬಣ್ಣವೋ ಹಸಿರೋ ಎಂದು ಯೋಚಿಸುತ್ತಾ ಕೂತಿದ್ದಕ್ಕೆ ಅವಳಿಗೆ ನಾಚಿಕೆಯೇ ಆಯಿತು. ಆದರೂ ಮುಂದಿನ ಗುರುವಾರ ಹೊಸ ಸ್ವೆಟರ್ ಹಾಕಿಕೊಂಡು ಬಂದಳು.

ಆ ಹೊತ್ತಿಗೆ ಫೀಟೆಯ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ವೀಬ್ಕೆ ಡ್ರಿಪ್ ಹಾಕಿ, ನಾಯಿಯ ತಲೆ ಸವರುತ್ತಾ ನಿಂತಳು. ಹೀಗೇ ಆದರೆ ಇನ್ನೊಂದು ವಾರ ಬದುಕುವುದು ಕಷ್ಟ.

"ನಿಯಮ ಮುರೀತಿದ್ದೀನಿ, ಬೇಜಾರ್ ಮಾಡ್ಕೋಬೇಡಿ. ಇವನಿಗೋಸ್ಕರ ಕೇಳ್ತಿರೋದು. ರಾತ್ರಿ ಎಲ್ಲಿ ಮಲಗ್ತೀರಿ?"

"ಮನೇಲಿ," ಎಂದ ಮಾಲ್ಟೆ.

"ಮನೇಲಿ?"

"ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ, ಇವನನ್ನ ಹೊತ್ಕೊಂಡೇ ಹತ್ತಬೇಕು."

"ಮತ್ತೆ ಈ ಜಾಕೆಟ್ಟು?"

"ಬಂದರಲ್ಲಿ ಹಡಗಿಗೆ ಬಣ್ಣ ಬಳೀತೀನಿ. ಮದುವೆ ಸೂಟ್ ಹಾಕ್ಕೊಂಡು ಬಳಿಯೋಕಾಗುತ್ತಾ?"

"ನಾನು ಕೊಟ್ಟ ಸೂಪು ಕುಡಿದ್ರಲ್ಲ!"

"ನೀವು ಕೊಟ್ರಿ. ನೀವು ಏನ್ ಕೊಟ್ಟಿದ್ರೂ ಕುಡೀತಿದ್ದೆ."

ಆಮೇಲೆ ಅವನು ತಲೆ ತಗ್ಗಿಸಿಕೊಂಡು ನಿಜ ಹೇಳಿದ. ಫೀಟೆ ಅವನದಲ್ಲ. ಬಂದರಿನ ಸೇತುವೆ ಕೆಳಗಿರುವ ಗೆಸೀನೆ ಎಂಬ ಮುದುಕಿಯದು. ಅವಳು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಂಬುಲೆನ್ಸಿನವರು ನಾಯಿಯನ್ನು ಹತ್ತಿಸುವುದಿಲ್ಲವೆಂದರು, ನಾಯಿಯಿಲ್ಲದೆ ತಾನು ಹತ್ತುವುದಿಲ್ಲವೆಂದಳು ಅವಳು. ದಿನಾ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವ ಮಾಲ್ಟೆ ಅವಳ ಕೈಯಿಂದ ನಾಯಿಯ ಹಗ್ಗ ಇಸಿದುಕೊಂಡ. ಕಾಲುಚೀಲ ತಲುಪಿದ್ದು ಆಸ್ಪತ್ರೆಗೆ.

ವೀಬ್ಕೆಯ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಇಳಿದದ್ದಕ್ಕೆ ಮತ್ತೆ ನಾಚಿಕೆಯಾಯಿತು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ನನ್ನದಲ್ಲ ಅಂದ್ರೆ ಇವನನ್ನ ನಾಯಿಗಳ ಆಶ್ರಮಕ್ಕೆ ಕಳಿಸಿಬಿಟ್ರೆ ಅಂತ ಹೆದರಿಕೆ. ಅಜ್ಜಿಗೆ ದಿನಾ ಸುಳ್ಳು ಹೇಳ್ತಿದ್ದೀನಿ, ಚೆನ್ನಾಗಿ ತಿಂತಿದ್ದಾನೆ ಅಂತ. ನಾಳೆ ಆಪರೇಷನ್. ನಿಜ ಗೊತ್ತಾದ್ರೆ ಕುಂಟ್ಕೊಂಡಾದ್ರೂ ಎದ್ದು ಬಂದ್ಬಿಡ್ತಾಳೆ."

ವೀಬ್ಕೆ ಅವನ ಫೋನನ್ನೇ ಇಸಿದುಕೊಂಡು ಗೆಸೀನೆಗೆ ಹಚ್ಚಿದಳು. ತಾನು ಬಸ್ಸಿನ ಡಾಕ್ಟರು ಎಂದು ಹೇಳಿ, ಬಹಳ ಸಲೀಸಾದ ದನಿಯಲ್ಲಿ, ಫೀಟೆಗೆ ನೀವು ಊಟ ಹೇಗೆ ಹಾಕ್ತಿದ್ರಿ ಎಂದು ಕೇಳಿದಳು.

"ಹಾಕೋದೇನು ಬಂತು," ಎಂದಿತು ಆ ಕಡೆಯ ದನಿ. "ನಾನೊಂದು ತುತ್ತು, ಅವನೊಂದು ತುತ್ತು. ನಾನು ತಿಂದ್ಮೇಲೇ ಅವನು ಬಾಯಿ ತೆರೆಯೋದು. ನನಗಿಲ್ಲದೆ ಅವನು ಒಂದು ದಿನಾನೂ ತಿಂದೋನಲ್ಲ." ಅಷ್ಟರಲ್ಲಿ ಅವಳಿಗೇ ಹೊಳೆಯಿತು. "ತಿಂತಿಲ್ಲ ಅಲ್ವಾ? ಆ ಹುಡುಗಂಗೆ ಸುಳ್ಳು ಹೇಳೋಕೆ ಬರಲ್ಲ."

"ಇನ್ನೈದು ನಿಮಿಷ ಫೋನ್ ಇಡಬೇಡಿ ಅಮ್ಮಾ," ಎಂದಳು ವೀಬ್ಕೆ.

ಅವಳ ಡಬ್ಬಿಯಲ್ಲಿ ಕಪ್ಪು ಬ್ರೆಡ್ಡು, ಮೇಲೆ ಒಂದಿಷ್ಟು ಚೀಸು ಇತ್ತು. ಇಬ್ಬರೂ ಬಸ್ಸಿನ ನೆಲದ ಮೇಲೆ ಕೂತರು. ಅವಳು ಮುರಿದು ಒಂದು ತುಂಡು ತಾನು ತಿಂದಳು, ಒಂದನ್ನು ಮಾಲ್ಟೆಯ ಕೈಗಿಟ್ಟಳು. ಅವನು ಅವಳನ್ನೇ ನೋಡುತ್ತಾ ನಿಧಾನವಾಗಿ ಅಗಿದ. ಹಸಿರು, ಅವನ ಕಣ್ಣು ಹಸಿರೇ. ನಾಯಿ ಒಮ್ಮೆ ಇವಳ ಬಾಯಿ, ಒಮ್ಮೆ ಅವನ ಬಾಯಿ ನೋಡಿತು. ಆಮೇಲೆ ಕತ್ತು ಚಾಚಿ ಮೂರನೆಯ ತುಂಡನ್ನು ಅವಳ ಬೆರಳಿನಿಂದ ತೆಗೆದುಕೊಂಡಿತು.

"ತಿಂದ," ಎಂದ ಮಾಲ್ಟೆ ಫೋನಿಗೆ.

"ಹೂಂ, ಕೇಳಿಸ್ತು. ಆ ಡಾಕ್ಟರಮ್ಮನ್ನ ಬಿಡ್ಬೇಡ ನೀನು," ಎಂದು ಗೆಸೀನೆ ಫೋನಿಟ್ಟಳು.

ಆಪರೇಷನ್ ಆಯಿತು. ಬಿಡುಗಡೆಯ ದಿನ ಹತ್ತಿರವಾಯಿತು. ಗಾಲಿಕುರ್ಚಿಯಲ್ಲಿ ಸೇತುವೆ ಕೆಳಗೆ ಹೋಗುವಂತಿಲ್ಲ, ನಾಯಿ ಬೇಡವೆನ್ನುವ ಕಡೆ ಗೆಸೀನೆ ಕಾಲಿಡುವುದಿಲ್ಲ. ವೀಬ್ಕೆ, ಮಾಲ್ಟೆ ಇಬ್ಬರೂ ಊರೆಲ್ಲ ಸುತ್ತಿ, ನಾಯಿಯೊಡನೆ ಇರಗೊಡುವ ಒಂದೇ ಒಂದು ವಸತಿಗೃಹ ಹುಡುಕಿದರು. ನದಿಯ ಕಡೆ ಕಿಟಕಿಯಿರುವ ಒಂದು ರೂಮು ಖಾಲಿಯಿತ್ತು. ಬಿಡುಗಡೆಯ ದಿನ ಗೆಸೀನೆಯನ್ನೂ ಫೀಟೆಯನ್ನೂ ಕರೆದುಕೊಂಡೇ ಅಲ್ಲಿಗೆ ಹೋದರು.

ಅಲ್ಲಿಯ ಮೇಲ್ವಿಚಾರಕಿ ಕೆಟ್ಟವಳಲ್ಲ, ಹಿಂದೊಮ್ಮೆ ಪೆಟ್ಟು ತಿಂದವಳು. ಅಲ್ಲಿದ್ದ ಒಬ್ಬಾತ ಆಸ್ಪತ್ರೆ ಸೇರಿ, ಅವನ ನಾಯಿ ಮುಚ್ಚಿದ ರೂಮಿನಲ್ಲಿ ಊಳಿಟ್ಟಿದ್ದನ್ನು ಅವಳು ಮರೆತಿರಲಿಲ್ಲ.

"ಈ ಅಜ್ಜಿ ಮತ್ತೆ ಆಸ್ಪತ್ರೆ ಸೇರಿದ್ರೆ ನಾಯಿ ಯಾರು ನೋಡ್ಕೋತಾರೆ? ಅದು ಗೊತ್ತಾಗದೆ ರೂಮು ಕೊಡೋಕಾಗಲ್ಲ."

"ನಾನು," ಎಂದ ಮಾಲ್ಟೆ.

"ಹಡಗು ಬಂದಾಗ ನೀವು ಹಗಲೂ ರಾತ್ರಿ ಬಂದರಲ್ಲೇ ಇರ್ತೀರಂತೆ. ಆಗ?"

"ಆಗ ನಾನು," ಎಂದಳು ವೀಬ್ಕೆ.

ಮೇಲ್ವಿಚಾರಕಿ ಕನ್ನಡಕ ಸರಿಮಾಡಿಕೊಂಡು ಇಬ್ಬರನ್ನೂ ನೋಡಿದಳು. "ಒಂದೇ ಮನೇಲಿದ್ದೀರಾ ನೀವಿಬ್ರೂ?"

ಗಾಲಿಕುರ್ಚಿಯಲ್ಲಿದ್ದ ಗೆಸೀನೆ ನಾಯಿಯ ಕಿವಿ ತುರಿಸುವುದನ್ನು ನಿಲ್ಲಿಸಿ ಕಾದಳು.

"ಇನ್ನೂ ಇಲ್ಲ," ಎಂದಳು ವೀಬ್ಕೆ.

ಬೀಗದಕೈ ಗೆಸೀನೆಯ ಮಡಿಲಿಗೆ ಬಿತ್ತು. ಅವಳನ್ನೂ ಫೀಟೆಯನ್ನೂ ರೂಮಿಗೆ ಸೇರಿಸಿ, ಹಾಸಿಗೆಯ ಅರ್ಧ ಜಾಗ ನಾಯಿಯೇ ಹಿಡಿದದ್ದನ್ನು ನೋಡಿ ನಕ್ಕು, ಇಬ್ಬರೂ ಹೊರಗೆ ಬಂದರು. ಕಾರಿಡಾರಿನ ಕೊನೆಯಲ್ಲಿ ಮಾಲ್ಟೆ ಅವಳತ್ತ ತಿರುಗಿದ.

"ಅಲ್ಲಿ ಹೇಳಿದ್ದು, ರೂಮು ಸಿಗ್ಲಿ ಅಂತಾನಾ?" ಎಂದು ಕೇಳಿದ.

ವೀಬ್ಕೆ ನಿಂತಳು. ಅವಳಿಗೆ ಹೆದರಿಕೆಯಾಗಿತ್ತು, ಆದರೂ ಅವನನ್ನೇ ನೇರವಾಗಿ ನೋಡಿದಳು.

"ರೂಮು ಸಿಗೋಕೆ 'ಇಲ್ಲ' ಅಂದಿದ್ರೂ ನಡೀತಿತ್ತು ಮಾಲ್ಟೆ. 'ಇನ್ನೂ' ಅಂದಿದ್ದು ನನಗೋಸ್ಕರ."